ಸ್ಟಾಪ್ ಒತ್ತಿದ ಮೇಲೂ ತಿರುಗುವ ಮೋಟರ್: ನಿಲ್ಲಿಸುವ ದಾರಿಗಳು

ಸಾ ಮಿಲ್‌ನಲ್ಲಿ, ಮರಗೆಲಸದ ಶೆಡ್ಡಿನಲ್ಲಿ ದುಡಿದವರಿಗೆಲ್ಲ ಈ ತೊಂದರೆ ಗೊತ್ತು. ಸ್ಟಾಪ್ ಬಟನ್ ಒತ್ತುತ್ತೀರಿ, ಕಾಂಟ್ಯಾಕ್ಟರ್ ಟಕ್ಕೆಂದು ಬಿಡುತ್ತದೆ. ಗರಗಸದ ಚಕ್ರ ಮಾತ್ರ ಮತ್ತೂ ಒಂದೆರಡು ನಿಮಿಷ ತಿರುಗುತ್ತಲೇ ಇರುತ್ತದೆ. ಸದ್ದು ತಗ್ಗಿದ್ದರಿಂದ ನಿಂತೇಹೋಯಿತು ಎಂದುಕೊಂಡು ಸಿಕ್ಕಿಕೊಂಡ ಚಕ್ಕೆ ತೆಗೆಯಲು ಕೈ ಹಾಕುವವರಿದ್ದಾರೆ. ಕಾಯಲು ತಾಳ್ಮೆಯಿಲ್ಲದೆ ಮರದ ತುಂಡನ್ನು ಬ್ಲೇಡಿಗೆ ಒತ್ತಿ ಹಿಡಿದು ನಿಲ್ಲಿಸುವವರೂ ಇದ್ದಾರೆ. ಬೆರಳುಗಳು ಹೋಗುವುದು ಇಂಥ ಹೊತ್ತಿನಲ್ಲೇ. ಯಂತ್ರ ಕೆಲಸ ಮಾಡುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ನಿಲ್ಲುತ್ತಿರುವಾಗ ಎಚ್ಚರ ಸಡಿಲವಾಗುತ್ತದೆ.

ಬ್ರಿಟನ್‌ನಲ್ಲಿ ಮರಗೆಲಸದ ಯಂತ್ರಗಳನ್ನು 10 ಸೆಕೆಂಡಿನೊಳಗೆ ನಿಲ್ಲಿಸುವ ಬ್ರೇಕ್ ಇರಬೇಕೆಂಬ ಮಾರ್ಗಸೂಚಿ ಇರುವುದು ಇದೇ ಕಾರಣಕ್ಕೆ. ನಮ್ಮ ಸಣ್ಣ ಕಾರ್ಖಾನೆಗಳಲ್ಲೂ ಇದು ಕೈಗೆಟುಕದ ಮಾತಲ್ಲ. ಮೋಟರ್‌ಗೆ ಈಗಾಗಲೇ ಡ್ರೈವ್ (ಫ್ರೀಕ್ವೆನ್ಸಿ ಬದಲಿಸಿ ಮೋಟರ್‌ನ ವೇಗ ಹತೋಟಿ ಮಾಡುವ ಸಾಧನ) ಇದ್ದರೆ ಅರ್ಧ ಕೆಲಸ ಆದಂತೆಯೇ. ಆದರೆ ಬ್ರೇಕ್ ಕೂರಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ತಿರುಗುವ ಯಂತ್ರದಲ್ಲಿರುವ ಶಕ್ತಿ ಎಲ್ಲಿಗೆ ಹೋಗುತ್ತದೆ? ಕರೆಂಟ್ ಹೋದರೆ ಈ ಬ್ರೇಕ್ ಏನು ಮಾಡುತ್ತದೆ? ಇವುಗಳಿಗೆ ಉತ್ತರ ಹೇಳದ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ.

ಶಕ್ತಿಗೆ ಒಂದು ಜಾಗ ಬೇಕು

ಹಳೆಯ ಸೈಕಲ್ಲಿನ ಡೈನಮೋವನ್ನು ಟಯರಿಗೆ ಒತ್ತಿಸಿದೊಡನೆ ಪೆಡಲ್ ಭಾರವಾಗುತ್ತಿದ್ದುದು ನೆನಪಿದೆಯೇ? ದೀಪ ಉರಿಯಲು ಬೇಕಾದ ಶಕ್ತಿ ಚಕ್ರದ ಓಟದಿಂದಲೇ ಬರಬೇಕು, ಅದಕ್ಕೇ ಚಕ್ರ ಬಿಗಿಯಾಗುತ್ತದೆ. ಎಲ್ಲ ಎಲೆಕ್ಟ್ರಾನಿಕ್ ಬ್ರೇಕಿಂಗ್‌ನ ತಿರುಳು ಇಷ್ಟೇ. ಮೋಟರನ್ನು ಸ್ವಲ್ಪ ಹೊತ್ತು ಜನರೇಟರ್ ಆಗಿಸಿ, ಅದು ಹುಟ್ಟಿಸಿದ ವಿದ್ಯುತ್ತನ್ನು ಎಲ್ಲಾದರೂ ಖರ್ಚು ಮಾಡಿಸುವುದು. ಖರ್ಚಾಗುವ ಜಾಗ ರೋಟರ್ ಆಗಬಹುದು, ಹೊರಗಿಟ್ಟ ರೆಸಿಸ್ಟರ್ ಆಗಬಹುದು, ವಿದ್ಯುತ್ ಲೈನೇ ಆಗಬಹುದು. ವಿಧಾನಗಳ ಹೆಸರು ಬೇರೆಯಾದರೂ ಮುಖ್ಯ ವ್ಯತ್ಯಾಸ ಇರುವುದು ಈ ಜಾಗದಲ್ಲಿ.

ಶಕ್ತಿಯ ಪ್ರಮಾಣ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಆದ್ದರಿಂದ ಡ್ರೈವ್ ಹಾಕಿಸಿ ಮೋಟರನ್ನು 50 ಹರ್ಟ್ಸ್‌ಗಿಂತ ಮೇಲೆ ಓಡಿಸುತ್ತಿದ್ದರೆ ಹಳೆಯ ಬ್ರೇಕ್ ಲೆಕ್ಕ ಹಿಡಿಯುವುದಿಲ್ಲ, ಹೊಸದಾಗಿ ಮಾಡಬೇಕು.

ಯಾವ ಯಾವ ದಾರಿಗಳಿವೆ

1. ಡಿ.ಸಿ. ಇಂಜೆಕ್ಷನ್. ಡ್ರೈವ್ ಇಲ್ಲದ, ಸ್ಟಾರ್-ಡೆಲ್ಟಾ ಅಥವಾ ನೇರ ಸ್ಟಾರ್ಟರ್‌ನಲ್ಲಿ ಓಡುವ ಸಾಮಾನ್ಯ ಇಂಡಕ್ಷನ್ ಮೋಟರ್‌ಗೆ ಇದು ಅಗ್ಗದ ಉಪಾಯ. ಎ.ಸಿ. ತೆಗೆದು, ಸ್ಟೇಟರ್‌ನ ಎರಡು ತುದಿಗಳಿಗೆ ಡಿ.ಸಿ. ಕೊಡುತ್ತಾರೆ. ಆಗ ಸ್ಟೇಟರ್‌ನ ಕಾಂತಕ್ಷೇತ್ರ ತಿರುಗುವುದನ್ನು ಬಿಟ್ಟು ಒಂದೇ ಕಡೆ ನಿಲ್ಲುತ್ತದೆ. ರೋಟರ್‌ನ ಸರಳುಗಳು ಆ ನಿಂತ ಕ್ಷೇತ್ರವನ್ನು ಕತ್ತರಿಸುತ್ತ ಹೋಗುವಾಗ ಅವುಗಳಲ್ಲಿ ಕರೆಂಟ್ ಹುಟ್ಟಿ, ಆ ಕರೆಂಟೇ ರೋಟರನ್ನು ಹಿಂದಕ್ಕೆಳೆಯುತ್ತದೆ. ಯಂತ್ರದ ಚಲನಶಕ್ತಿಯೆಲ್ಲ ರೋಟರ್‌ನಲ್ಲಿ ಶಾಖವಾಗುತ್ತದೆ. ಹೆಚ್ಚು ವೇಗದಲ್ಲಿ ಈ ಬ್ರೇಕ್ ಮೆತ್ತಗೆ, ವೇಗ ಇಳಿದಂತೆ ಬಿಗಿ. ಪೂರ್ತಿ ನಿಂತ ಮೇಲೆ ಸರಳುಗಳು ಏನನ್ನೂ ಕತ್ತರಿಸುವುದಿಲ್ಲವಾದ್ದರಿಂದ ಹಿಡಿತವೂ ಇಲ್ಲ.

ಡಿ.ಸಿ.ಗೆ ವೈಂಡಿಂಗ್ ಒಡ್ಡುವ ತಡೆ ಬರೀ ತಾಮ್ರದ ರೆಸಿಸ್ಟೆನ್ಸ್ ಮಾತ್ರ ಎಂಬುದನ್ನು ಮರೆಯಬೇಡಿ. ಎರಡು ತುದಿಗಳ ನಡುವೆ 2 ಓಮ್ ಇದ್ದರೆ 16 ಆಂಪಿಯರ್ ಹರಿಸಲು 32 ವೋಲ್ಟ್ ಸಾಕು. 230 ವೋಲ್ಟನ್ನು ಬ್ರಿಡ್ಜ್ ರೆಕ್ಟಿಫೈಯರ್ ಮೂಲಕ ನೇರ ಕೊಟ್ಟರೆ ವೈಂಡಿಂಗ್ ಸುಡುತ್ತದೆ. ಮೊದಲು ನೇಮ್ ಪ್ಲೇಟಿನ ಕರೆಂಟಿನಷ್ಟೇ ಕೊಟ್ಟು ನೋಡಿ. ಸಾಲದಿದ್ದರೆ ಅದರ ಒಂದೂವರೆ ಪಟ್ಟು, ಹೆಚ್ಚೆಂದರೆ ಎರಡು ಪಟ್ಟಿನವರೆಗೆ ಏರಿಸಿ. ಮೋಟರ್ ನಿಂತ ಕೂಡಲೇ ಟೈಮರ್ ಡಿ.ಸಿ.ಯನ್ನು ಕಡಿಯಲೇಬೇಕು.

ಎ.ಸಿ. ಕಾಂಟ್ಯಾಕ್ಟರ್ ಬಿಟ್ಟ ಮರುಕ್ಷಣವೇ ಡಿ.ಸಿ. ಕೊಡಬಾರದು. ರೋಟರ್‌ನಲ್ಲಿ ಉಳಿದ ಕಾಂತತ್ವದಿಂದ ಮೋಟರ್ ತುದಿಗಳಲ್ಲಿ ಇನ್ನೂ ವೋಲ್ಟೇಜ್ ಇರುತ್ತದೆ, ಅದು ರೆಕ್ಟಿಫೈಯರನ್ನು ಹಾಳುಮಾಡಬಲ್ಲದು. ಅರ್ಧದಿಂದ ಒಂದು ಸೆಕೆಂಡ್ ಬಿಡುವು ಕೊಡಿ. ಎರಡು ಕಾಂಟ್ಯಾಕ್ಟರ್‌ಗಳ ನಡುವೆ ಎಲೆಕ್ಟ್ರಿಕಲ್ ಇಂಟರ್‌ಲಾಕ್ ಜೊತೆಗೆ ಮೆಕ್ಯಾನಿಕಲ್ ಇಂಟರ್‌ಲಾಕ್ ಕೂಡ ಇರಲಿ. ಎರಡೂ ಒಟ್ಟಿಗೆ ಸೇರಿದರೆ ರೆಕ್ಟಿಫೈಯರ್ ಸಿಡಿಯುತ್ತದೆ.

2. ಪ್ಲಗ್ಗಿಂಗ್. ಓಡುತ್ತಿರುವ ಮೋಟರ್‌ನ ಎರಡು ಫೇಸ್‌ಗಳನ್ನು ಅದಲುಬದಲು ಮಾಡಿ ರಿವರ್ಸ್ ಒತ್ತಡದಿಂದ ನಿಲ್ಲಿಸುವುದು. ಲೇತ್ ನಡೆಸುವವರು ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ಫಟ್ಟನೆ ತಿರುಗಿಸಿ ಮಾಡುವುದೂ ಇದೇ. ಬೇಗ ನಿಲ್ಲುತ್ತದೆ, ನಿಜ. ಆದರೆ ಪೂರ್ತಿ ವೇಗದಿಂದ ನಿಲ್ಲುವವರೆಗೆ ರೋಟರ್‌ನಲ್ಲಿ ಹುಟ್ಟುವ ಶಾಖ ಯಂತ್ರದ ಚಲನಶಕ್ತಿಯ ಮೂರು ಪಟ್ಟು, ಅಂದರೆ ಡಿ.ಸಿ. ಇಂಜೆಕ್ಷನ್‌ನ ಮೂರು ಪಟ್ಟು. ಕರೆಂಟ್ ಸ್ಟಾರ್ಟಿಂಗ್ ಕರೆಂಟ್‌ಗಿಂತಲೂ ತುಸು ಹೆಚ್ಚೇ ಹರಿಯುತ್ತದೆ. ನಿಂತ ಕ್ಷಣದಲ್ಲಿ ಲೈನ್ ಕಡಿಯಲು ಝೀರೋ ಸ್ಪೀಡ್ ಸ್ವಿಚ್ ಇಲ್ಲದಿದ್ದರೆ ಮೋಟರ್ ಉಲ್ಟಾ ಓಡತೊಡಗುತ್ತದೆ. ಥ್ರೆಡ್ ಮೂಲಕ ಕೂರಿಸಿದ ಚಕ್ ಆಗಿದ್ದರೆ ಸ್ಪಿಂಡಲ್‌ನಿಂದ ಬಿಚ್ಚಿಕೊಂಡು ಹಾರಬಹುದು. ಹೊಸದಾಗಿ ಬ್ರೇಕ್ ಕೂರಿಸುವವರು ಈ ದಾರಿ ಹಿಡಿಯುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

3. ಡ್ರೈವ್ ಮತ್ತು ಬ್ರೇಕ್ ರೆಸಿಸ್ಟರ್. ಡ್ರೈವ್ ಒಳಗೆ ಮೂರು ಫೇಸ್ ಎ.ಸಿ. ಮೊದಲು ಡಿ.ಸಿ. ಆಗುತ್ತದೆ. 415 ವೋಲ್ಟ್ ಸಪ್ಲೈಗೆ ಒಳಗಿನ ಡಿ.ಸಿ. ಬಸ್ ಸುಮಾರು 587 ವೋಲ್ಟ್. ಡ್ರೈವ್ ಫ್ರೀಕ್ವೆನ್ಸಿ ಇಳಿಸಿದಾಗ, ಜಡತ್ವದಿಂದ ಓಡುವ ಮೋಟರ್ ಕ್ಷೇತ್ರಕ್ಕಿಂತ ಮುಂದೆ ಹೋಗಿ ಜನರೇಟರ್ ಆಗುತ್ತದೆ. ಹುಟ್ಟಿದ ವಿದ್ಯುತ್ ಡಿ.ಸಿ. ಬಸ್ಸಿಗೆ ವಾಪಸ್ ಬಂದು ಕೆಪಾಸಿಟರ್‌ಗಳನ್ನು ತುಂಬುತ್ತದೆ. ಸಾಮಾನ್ಯ ಡ್ರೈವ್‌ನ ಮುಂಭಾಗದ ಡಯೋಡ್‌ಗಳು ಅದನ್ನು ಲೈನಿಗೆ ಬಿಡುವುದಿಲ್ಲ. ಹಾಗಾಗಿ ವೋಲ್ಟೇಜ್ ಏರುತ್ತಲೇ ಹೋಗಿ 800 ವೋಲ್ಟ್ ಆಸುಪಾಸಿನಲ್ಲಿ ಡ್ರೈವ್ 'ಓವರ್ ವೋಲ್ಟೇಜ್' ಎಂದು ಟ್ರಿಪ್ ಆಗುತ್ತದೆ. ಟ್ರಿಪ್ ಆದರೆ ಮೋಟರ್ ಮತ್ತೆ ತಾನಾಗಿಯೇ ಓಡಿ ನಿಲ್ಲಬೇಕು. "ಡಿಸೆಲರೇಷನ್ ಟೈಮ್ ಕಡಿಮೆ ಮಾಡಿದರೆ ಡ್ರೈವ್ ಟ್ರಿಪ್ ಆಗುತ್ತೆ ಸಾರ್" ಎಂಬ ದೂರಿನ ಹಿಂದಿರುವುದು ಈ ಸಂಗತಿಯೇ. ಡ್ರೈವ್ ಕೆಟ್ಟಿಲ್ಲ, ಶಕ್ತಿಗೆ ಹೋಗಲು ಜಾಗವಿಲ್ಲ ಅಷ್ಟೆ. ಬಸ್ ವೋಲ್ಟೇಜ್ 700ರಿಂದ 780ರ ನಡುವಿನ ಒಂದು ಮಟ್ಟ ಮುಟ್ಟಿದಾಗ ಬ್ರೇಕ್ ಚಾಪರ್ ಎಂಬ ಟ್ರಾನ್ಸಿಸ್ಟರ್ ಆನ್ ಆಗಿ, ಹೆಚ್ಚುವರಿ ಶಕ್ತಿಯನ್ನು ರೆಸಿಸ್ಟರ್‌ಗೆ ಹರಿಸಿ ಸುಡುತ್ತದೆ. ಸಣ್ಣ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಚಾಪರ್ ಒಳಗೇ ಇರುತ್ತದೆ. ದೊಡ್ಡವಕ್ಕೆ ಬೇರೆ ಕೊಳ್ಳಬೇಕಾಗಬಹುದು. ಆರ್ಡರ್ ಮಾಡುವ ಮೊದಲೇ ಕೇಳಿ.

4. ರೀಜನರೇಟಿವ್ ಡ್ರೈವ್. ಇದು ಶಕ್ತಿಯನ್ನು ಸುಡದೆ ಲೈನಿಗೇ ವಾಪಸ್ ಕೊಡುತ್ತದೆ. ದುಬಾರಿ. ಸಕ್ಕರೆ ಕಾರ್ಖಾನೆಯ ಬ್ಯಾಚ್ ಸೆಂಟ್ರಿಫ್ಯೂಗಲ್‌ನಂಥ ಯಂತ್ರಕ್ಕೆ ಮಾತ್ರ ಹೇಳಿ ಮಾಡಿಸಿದ್ದು: ಭಾರವಾದ ಬುಟ್ಟಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ, ಸಕ್ಕರೆ ಕೆರೆದು ತೆಗೆಯಲು ನಿಧಾನವಾಗಿ, ಮತ್ತೆ ವೇಗ ಪಡೆಯುತ್ತದೆ. ಗಂಟೆಗೆ ಹತ್ತಿಪ್ಪತ್ತು ಸಲ, ಹಂಗಾಮು ಪೂರ್ತಿ. ದಿನಕ್ಕೆ ನಾಲ್ಕು ಸಲ ನಿಲ್ಲುವ ಗರಗಸಕ್ಕೆ ಈ ಖರ್ಚು ಹುಟ್ಟುವುದಿಲ್ಲ.

ಸಾಫ್ಟ್ ಸ್ಟಾರ್ಟರ್‌ನ 'ಸಾಫ್ಟ್ ಸ್ಟಾಪ್' ಈ ಪಟ್ಟಿಗೆ ಸೇರುವುದಿಲ್ಲ. ಅದು ಪಂಪಿನ ಪೈಪಿನಲ್ಲಿ ನೀರಿನ ಹೊಡೆತ ತಪ್ಪಿಸಲು ಮೋಟರನ್ನು ಇನ್ನೂ ನಿಧಾನವಾಗಿ ನಿಲ್ಲಿಸುವ ವ್ಯವಸ್ಥೆ, ಬ್ರೇಕಿಗೆ ತದ್ವಿರುದ್ಧ.

ರೆಸಿಸ್ಟರ್ ಆರಿಸುವ ಲೆಕ್ಕ

ಅಂಗಡಿಯವನು ಕೊಟ್ಟದ್ದನ್ನು ಹಾಕುವುದಕ್ಕಿಂತ ಒಂದು ಹಾಳೆಯಲ್ಲಿ ಲೆಕ್ಕ ಮಾಡುವುದು ಒಳ್ಳೆಯದು. 7.5 ಎಚ್.ಪಿ. ಅಂದರೆ 5.5 ಕಿಲೋವ್ಯಾಟ್, 1440 ಆರ್.ಪಿ.ಎಂ.ನ ಮೋಟರನ್ನೇ ತೆಗೆದುಕೊಳ್ಳೋಣ.

1. ಮೋಟರ್‌ನ ಪೂರ್ಣ ಟಾರ್ಕ್ ಕಂಡುಕೊಳ್ಳಿ. 1440 ಆರ್.ಪಿ.ಎಂ. ಎಂದರೆ ಸೆಕೆಂಡಿಗೆ ಸುಮಾರು 151 ರೇಡಿಯನ್. 5500 ವ್ಯಾಟನ್ನು 151ರಿಂದ ಭಾಗಿಸಿದರೆ 36.4 ನ್ಯೂಟನ್ ಮೀಟರ್.

2. ಯಂತ್ರದ ಜಡತ್ವ ಅಳೆಯಿರಿ. ಕ್ಯಾಟಲಾಗ್ ಇಲ್ಲದಿದ್ದರೂ ಡ್ರೈವೇ ಇದಕ್ಕೆ ಸಾಧನ. ಕೆಲಸದ ಹೊರೆ ಇಲ್ಲದೆ, ಸೊನ್ನೆಯಿಂದ ಪೂರ್ತಿ ವೇಗಕ್ಕೆ 5 ಸೆಕೆಂಡಿನಲ್ಲಿ ಏರುವಂತೆ ಸೆಟ್ ಮಾಡಿ, ಏರುವಾಗ ಪರದೆಯಲ್ಲಿ ಟಾರ್ಕ್ ಎಷ್ಟು ಶೇಕಡಾ ತೋರಿಸುತ್ತದೆ ನೋಡಿ. 82 ಎಂದಿದ್ದರೆ ಟಾರ್ಕ್ ಸುಮಾರು 30 ನ್ಯೂಟನ್ ಮೀಟರ್. ಅದನ್ನು 5ರಿಂದ ಗುಣಿಸಿ 151ರಿಂದ ಭಾಗಿಸಿದರೆ ಜಡತ್ವ ಹತ್ತಿರ ಹತ್ತಿರ 1 ಕಿಲೋಗ್ರಾಂ ಚದರ ಮೀಟರ್. ಘರ್ಷಣೆಯೂ ಇದರಲ್ಲೇ ಸೇರಿರುವುದರಿಂದ ಉತ್ತರ ತುಸು ಹೆಚ್ಚೇ ಬರುತ್ತದೆ. ಬ್ರೇಕ್ ಲೆಕ್ಕದಲ್ಲಿ ಹೆಚ್ಚಿದ್ದರೆ ಸುರಕ್ಷಿತ.

3. ಶಕ್ತಿ. ಜಡತ್ವದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ: ಅರ್ಧ × 1 × 151 × 151, ಸುಮಾರು 11,400 ಜೂಲ್. ಪ್ರತಿ ಸಲ ನಿಲ್ಲಿಸುವಾಗಲೂ ಇಷ್ಟನ್ನು ಸುಡಬೇಕು.

4. ನಿಲ್ಲುವ ಸಮಯ ತೀರ್ಮಾನಿಸಿ. 5 ಸೆಕೆಂಡಿನಲ್ಲಿ ನಿಲ್ಲಿಸಲು 30 ನ್ಯೂಟನ್ ಮೀಟರ್ ಸಾಕು, ಮೋಟರ್‌ನ ಪೂರ್ಣ ಟಾರ್ಕ್‌ನ ಒಳಗೇ ಇದೆ. 2 ಸೆಕೆಂಡ್ ಬೇಕೆಂದರೆ 75 ನ್ಯೂಟನ್ ಮೀಟರ್, ಎರಡು ಪಟ್ಟಿಗಿಂತ ಹೆಚ್ಚು. ಡ್ರೈವ್ ಅಷ್ಟು ಕರೆಂಟ್ ಕೊಡಲಾರದು. ಕೊಟ್ಟರೂ ಬೆಲ್ಟ್ ಜಾರುತ್ತದೆ, ಶಾಫ್ಟಿನ ಕೀ ಕತ್ತರಿಸಿಹೋಗುತ್ತದೆ. ಏರಲು ಎಷ್ಟು ಹೊತ್ತು ಬೇಕೋ ನಿಲ್ಲಲೂ ಅಷ್ಟು ಕೊಟ್ಟರೆ ಯಂತ್ರ ಉಳಿಯುತ್ತದೆ.

5. ಗರಿಷ್ಠ ಪವರ್. ಬ್ರೇಕ್ ಶುರುವಾದ ಕ್ಷಣದಲ್ಲಿ ಇದು ಅತಿ ಹೆಚ್ಚು: 30 × 151, ಅಂದರೆ ಸುಮಾರು 4.5 ಕಿಲೋವ್ಯಾಟ್. ಚಾಪರ್ 750 ವೋಲ್ಟಿನಲ್ಲಿ ಆನ್ ಆಗುತ್ತದೆಂದರೆ 750ರ ವರ್ಗವನ್ನು 4,500ರಿಂದ ಭಾಗಿಸಿ: 125 ಓಮ್. ರೆಸಿಸ್ಟೆನ್ಸ್ ಇದಕ್ಕಿಂತ ಹೆಚ್ಚಿರಬಾರದು. 100 ಓಮ್ ಆರಿಸಿದರೆ 5.6 ಕಿಲೋವ್ಯಾಟ್‌ವರೆಗೆ ಹೀರಿಕೊಳ್ಳುತ್ತದೆ, 7.5 ಆಂಪಿಯರ್ ಹರಿಯುತ್ತದೆ.

6. ಡ್ರೈವ್ ಕೈಪಿಡಿಯಲ್ಲಿ ಬರೆದಿರುವ ಕನಿಷ್ಠ ಓಮ್‌ಗಿಂತ ಕಡಿಮೆ ಎಂದೂ ಹಾಕಬೇಡಿ. ರೆಸಿಸ್ಟೆನ್ಸ್ ತೀರಾ ಕಡಿಮೆಯಾದರೆ ಚಾಪರ್ ಟ್ರಾನ್ಸಿಸ್ಟರ್ ಸುಡುತ್ತದೆ.

7. ರೆಸಿಸ್ಟರ್‌ನ ವ್ಯಾಟೇಜ್. ನಿಮಿಷಕ್ಕೊಮ್ಮೆ ನಿಲ್ಲಿಸುವುದಾದರೆ 11,400 ಜೂಲ್ 60 ಸೆಕೆಂಡಿಗೆ ಹಂಚಿಹೋಗಿ ಸರಾಸರಿ 190 ವ್ಯಾಟ್. ಅದರ ಎರಡು ಪಟ್ಟು, 400 ವ್ಯಾಟಿನದು ತೆಗೆದುಕೊಳ್ಳಿ. ಜೊತೆಗೆ ಒಂದೇ ಸಲಕ್ಕೆ 11,400 ಜೂಲ್ ಹೀರುವ ಶಕ್ತಿ ಅದಕ್ಕಿದೆಯೇ ಎಂದು ಕ್ಯಾಟಲಾಗಿನಲ್ಲಿ ನೋಡಿ. ಅಲ್ಯುಮಿನಿಯಂ ಕವಚದ ಸಣ್ಣ ರೆಸಿಸ್ಟರ್‌ಗಳು ಸರಾಸರಿಯಲ್ಲಿ ಪಾಸಾಗಿ ಈ ಪರೀಕ್ಷೆಯಲ್ಲಿ ಸೋಲುವುದುಂಟು.

ಜೋಡಿಸುವಾಗ

ಬಿಸಿಯಾಗುವುದೇ ರೆಸಿಸ್ಟರ್‌ನ ಕೆಲಸ. ಮೇಲ್ಮೈ ನೂರಾರು ಡಿಗ್ರಿ ಮುಟ್ಟಬಹುದು. ಪ್ಯಾನಲ್ ಒಳಗೆ ಇಟ್ಟರೆ ಡ್ರೈವನ್ನೇ ಬೇಯಿಸುತ್ತದೆ. ಪ್ಯಾನಲ್ ಹೊರಗೆ, ಮೇಲ್ಗಡೆ, ಜಾಲರಿ ಕವಚದೊಳಗೆ, ಗಾಳಿಯಾಡುವಲ್ಲಿ ಕೂರಿಸಿ. ಸಾ ಮಿಲ್‌ನಲ್ಲಾದರೆ ಮರದ ಪುಡಿ ಬೀಳದ ಜಾಗವೇ ಆಗಬೇಕು. ಕಾದ ರೆಸಿಸ್ಟರ್ ಮೇಲೆ ಕೂತ ಪುಡಿ ಹೊತ್ತಿಕೊಳ್ಳುತ್ತದೆ.

ವೈರ್ ಜೋಡಿಸಬೇಕಾದ್ದು ಡಿ.ಸಿ. ಪ್ಲಸ್ ಮತ್ತು ಬ್ರೇಕ್ ಟರ್ಮಿನಲ್ ನಡುವೆ. ಪ್ಲಸ್ ಮತ್ತು ಮೈನಸ್ ನಡುವೆ ಹಾಕಿದರೆ ರೆಸಿಸ್ಟರ್ ಸದಾ ಉರಿಯುತ್ತದೆ. ಟರ್ಮಿನಲ್ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಹಿಂದಿನ ಡ್ರೈವ್‌ನ ನೆನಪಿನ ಮೇಲೆ ವೈರಿಂಗ್ ಮಾಡಬೇಡಿ. ಎರಡು ವೈರ್‌ಗಳನ್ನು ಒಂದಕ್ಕೊಂದು ಹೊಸೆದು, ಆದಷ್ಟು ಗಿಡ್ಡವಾಗಿ ಎಳೆಯಿರಿ.

ಇನ್ನು, ಬಹಳ ಕಡೆ ಬಿಟ್ಟುಹೋಗಿರುವ ಒಂದು ಸಂಗತಿ. ಚಾಪರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಕೆಟ್ಟರೆ, ಮೋಟರ್ ನಿಂತಿದ್ದಾಗಲೂ ರೆಸಿಸ್ಟರ್ ಮೇಲೆ 587 ವೋಲ್ಟ್ ಬೀಳುತ್ತಲೇ ಇರುತ್ತದೆ. ನಮ್ಮ 100 ಓಮ್ ಲೆಕ್ಕದಲ್ಲಿ ಅದು 3.4 ಕಿಲೋವ್ಯಾಟ್, ಅದೂ 400 ವ್ಯಾಟಿನ ರೆಸಿಸ್ಟರ್‌ನಲ್ಲಿ. ನಿಮಿಷಗಳಲ್ಲಿ ಕೆಂಪಗೆ ಕಾಯುತ್ತದೆ. ಡ್ರೈವ್‌ಗೆ ಸ್ಟಾಪ್ ಸಿಗ್ನಲ್ ಕೊಟ್ಟರೆ ಇದು ನಿಲ್ಲುವುದಿಲ್ಲ. ಆದ್ದರಿಂದ ಥರ್ಮಲ್ ಸ್ವಿಚ್ ಇರುವ ರೆಸಿಸ್ಟರನ್ನೇ ಕೊಳ್ಳಿ. ಆ ಸ್ವಿಚ್ಚನ್ನು ಡ್ರೈವ್‌ಗೆ ಬರುವ ಮುಖ್ಯ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸರಣಿಯಲ್ಲಿ ಜೋಡಿಸಿ. ಕೆಲವು ನೂರು ರೂಪಾಯಿ ಉಳಿಸಲು ಇದನ್ನು ಬಿಟ್ಟರೆ ಶೆಡ್ಡಿಗೇ ಬೆಂಕಿ ಬಿದ್ದೀತು.

ಕೆಲಸ ಶುರುಮಾಡುವ ಮೊದಲು ಮೇನ್ ಆಫ್ ಮಾಡಿ ಲಾಕ್ ಹಾಕಿ. ಆಫ್ ಆದ ಮೇಲೂ ಡ್ರೈವ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾಯಿರಿ. ಆಮೇಲೆ ಮೀಟರ್ ಹಿಡಿದು ಪ್ಲಸ್-ಮೈನಸ್ ನಡುವೆ ಅಳೆದೇ ಕೈ ಹಾಕಿ. ದೀಪ ಆರಿದ್ದು ಸಾಕ್ಷಿಯಲ್ಲ.

ಡ್ರೈವ್ ಸೆಟ್ಟಿಂಗ್

ಸ್ಟಾಪ್ ಮೋಡ್ 'ಕೋಸ್ಟ್' ಆಗಿದ್ದರೆ 'ರ‍್ಯಾಂಪ್'ಗೆ ಬದಲಿಸಿ. ಕೋಸ್ಟ್‌ನಲ್ಲಿದ್ದರೆ ಎಷ್ಟು ದೊಡ್ಡ ರೆಸಿಸ್ಟರ್ ಹಾಕಿದರೂ ಕೆಲಸಕ್ಕೆ ಬಾರದು. ಓವರ್ ವೋಲ್ಟೇಜ್ ಕಂಟ್ರೋಲ್ ಅಥವಾ ಸ್ಟಾಲ್ ಪ್ರಿವೆನ್ಷನ್ ಎಂಬ ಆಯ್ಕೆಯನ್ನು ಆಫ್ ಮಾಡಿ: ಅದು ಬಸ್ ವೋಲ್ಟೇಜ್ ಏರಿದಾಗ ತಾನೇ ಡಿಸೆಲರೇಷನ್ ಸಮಯವನ್ನು ಹಿಗ್ಗಿಸಿಬಿಡುತ್ತದೆ, ಚಾಪರ್‌ಗೆ ಅವಕಾಶವೇ ಸಿಗುವುದಿಲ್ಲ. ಮೊದಲು 20 ಸೆಕೆಂಡಿಗೆ ಸೆಟ್ ಮಾಡಿ ನಿಲ್ಲಿಸಿ ನೋಡಿ. ಬಸ್ ವೋಲ್ಟೇಜ್ ಗಮನಿಸುತ್ತ 15, 10, 7, 5 ಎಂದು ಇಳಿಸುತ್ತ ಬನ್ನಿ. ಕೊನೆಯ ತೆವಳಾಟ ತಪ್ಪಿಸಲು 1ರಿಂದ 3 ಹರ್ಟ್ಸ್‌ನಲ್ಲಿ ಅರ್ಧ ಸೆಕೆಂಡ್ ಡಿ.ಸಿ. ಬ್ರೇಕ್ ಕೊಡಬಹುದು.

ಎಮರ್ಜೆನ್ಸಿ ಸ್ಟಾಪ್‌ನ ಗುಟ್ಟು

ಅನೇಕ ಪ್ಯಾನಲ್‌ಗಳಲ್ಲಿ ಕೆಂಪು ಅಣಬೆ ಬಟನ್ ಒತ್ತಿದರೆ ಡ್ರೈವ್‌ನ ಮುಖ್ಯ ಕಾಂಟ್ಯಾಕ್ಟರ್ ಬಿಡುತ್ತದೆ. ಅಂದರೆ ಮಾಮೂಲಿ ಸ್ಟಾಪ್ ಒತ್ತಿದಾಗ 5 ಸೆಕೆಂಡಿನಲ್ಲಿ ನಿಲ್ಲುವ ಗರಗಸ, ಅಪಾಯ ಬಂದಾಗ ಎರಡು ನಿಮಿಷ ತಿರುಗುತ್ತದೆ! ಬೇಕಾದ ಹೊತ್ತಿಗೇ ಬ್ರೇಕ್ ಇಲ್ಲ.

ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ನಿಲ್ಲಿಸುವ ಕ್ರಮವನ್ನು 0, 1, 2 ಎಂದು ಮೂರು ವರ್ಗ ಮಾಡಿದೆ. ತಕ್ಷಣ ಪವರ್ ಕಡಿಯುವುದು ವರ್ಗ 0. ಮೊದಲು ಹತೋಟಿಯಲ್ಲಿ ನಿಲ್ಲಿಸಿ, ನಿಂತ ಮೇಲೆ ಪವರ್ ಕಡಿಯುವುದು ವರ್ಗ 1. ನಿಲ್ಲಿಸಿಯೂ ಪವರ್ ಉಳಿಸುವುದು ವರ್ಗ 2. ಇದು ಎಮರ್ಜೆನ್ಸಿಗೆ ಸಲ್ಲದು. ಭಾರಿ ಜಡತ್ವದ ಯಂತ್ರಕ್ಕೆ ವರ್ಗ 1 ಬೇಕು. ಎಮರ್ಜೆನ್ಸಿ ಬಟನ್ ಮೊದಲು ಡ್ರೈವ್‌ಗೆ ಬ್ರೇಕ್ ಆದೇಶ ಕೊಡಲಿ. ತಡವಾಗಿ ಬಿಡುವ ಸೇಫ್ಟಿ ರಿಲೇ, ನಿಲ್ಲುವ ಸಮಯಕ್ಕಿಂತ ಒಂದೆರಡು ಸೆಕೆಂಡ್ ಹೆಚ್ಚು ಕಾದು ಪವರ್ ಕಡಿಯಲಿ. ಈ ವೈರಿಂಗನ್ನು ಅನುಭವವಿರುವ ಪ್ಯಾನಲ್ ಬಿಲ್ಡರ್ ಕೈಯಲ್ಲೇ ಮಾಡಿಸಿ.

ಪದೇ ಪದೇ ಕಾಣುವ ತಪ್ಪುಗಳು

- ಓವರ್‌ಲೋಡ್ ರಿಲೇ ಇದೆ ಎಂದು ನಿಶ್ಚಿಂತರಾಗುವುದು. ಅದು ಲೈನ್ ಕರೆಂಟ್ ನೋಡುತ್ತದೆ, ರೋಟರ್‌ನ ಬಿಸಿ ಅದಕ್ಕೆ ಕಾಣದು. ಮೇಲಾಗಿ ಮೋಟರ್‌ನ ಫ್ಯಾನ್ ಶಾಫ್ಟ್ ಮೇಲೇ ಇರುವುದರಿಂದ ನಿಂತಾಗ ಗಾಳಿಯೂ ಇಲ್ಲ. ಪದೇ ಪದೇ ನಿಲ್ಲಿಸಿ ಓಡಿಸುವ ಮೋಟರ್‌ನ ವೈಂಡಿಂಗ್ ಒಳಗೆ ಥರ್ಮಿಸ್ಟರ್ ಇರಲಿ. ರಿವೈಂಡಿಂಗ್‌ಗೆ ಕೊಟ್ಟಾಗಲೇ ಹೇಳಿದರೆ ಸೇರಿಸಿಕೊಡುತ್ತಾರೆ.

- ಡ್ರೈವ್ ಮತ್ತು ಮೋಟರ್ ನಡುವೆ ಕಾಂಟ್ಯಾಕ್ಟರ್ ಇಟ್ಟು ಅದರಿಂದಲೇ ನಿಲ್ಲಿಸುವುದು. ಸಂಪರ್ಕ ಕಡಿದೊಡನೆ ಬ್ರೇಕೂ ಕಡಿದಂತೆ.

- ಸರ್ಕ್ಯುಲರ್ ಗರಗಸಕ್ಕೆ ಬ್ಲೇಡ್ ಹಿಡಿತ ನೋಡದೆ ಬ್ರೇಕ್ ಹಾಕುವುದು. ಕೊಯ್ಯುವಾಗ ಬಿಗಿಯಾಗುವ ನಟ್ಟು, ಶಾಫ್ಟ್ ಗಕ್ಕನೆ ನಿಧಾನಿಸಿದರೆ ಬ್ಲೇಡ್‌ನ ಜಡತ್ವಕ್ಕೆ ಸಡಿಲಗೊಳ್ಳುತ್ತದೆ. ಫ್ಲ್ಯಾಂಜ್ ಶಾಫ್ಟ್ ಮೇಲೆ ತಿರುಗದಂತೆ ಕೀ ಅಥವಾ ಪಿನ್ ಇರಲೇಬೇಕು. ಬ್ಯಾಂಡ್ ಸಾದಲ್ಲಿ ಮೋಟರ್ ಕೆಳಚಕ್ರವನ್ನು ತಡೆದರೂ ಮೇಲಿನ ಚಕ್ರ ಬ್ಲೇಡನ್ನು ಮುಂದಕ್ಕೆ ತಳ್ಳುತ್ತದೆ. ಬ್ಲೇಡ್ ಜಾರಿ ಹೊರಬರಬಹುದು. ಇದಕ್ಕೆ 8–10 ಸೆಕೆಂಡಿನ ಮೆತ್ತನೆಯ ನಿಲುಗಡೆಯೇ ಸರಿ.

- ಬ್ರೇಕ್ ಬಂತೆಂದು ಗಾರ್ಡ್ ತೆಗೆಯುವುದು. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕರೆಂಟ್ ಹೋದರೆ?

ಮೇಲೆ ಹೇಳಿದ ಯಾವ ಬ್ರೇಕೂ ಲೈನ್ ಹೋದಾಗ ನಂಬುವಂಥದ್ದಲ್ಲ. ಡಿ.ಸಿ. ಇಂಜೆಕ್ಷನ್‌ಗೆ ಡಿ.ಸಿ.ಯೇ ಸಿಗುವುದಿಲ್ಲ, ಡ್ರೈವ್ ಅಂಡರ್ ವೋಲ್ಟೇಜ್ ಎಂದು ಕೈಬಿಡುತ್ತದೆ. ಕರೆಂಟ್ ಹೋದಾಗ ಓಡಿ ನಿಲ್ಲಬಹುದಾದ ಗರಗಸಕ್ಕೆ ಗಾರ್ಡ್ ಮತ್ತು ಎಚ್ಚರವೇ ರಕ್ಷಣೆ. 'ಲೈನ್ ಹೋದರೂ ಬ್ಲೇಡ್ ತಿರುಗುತ್ತಿರುತ್ತದೆ, ಕೈ ಹಾಕಬೇಡಿ' ಎಂದು ಯಂತ್ರದ ಮೇಲೆ ದಪ್ಪಕ್ಷರದಲ್ಲಿ, ಅಲ್ಲಿ ಕೆಲಸ ಮಾಡುವವರು ಓದುವ ಭಾಷೆಯಲ್ಲಿ ಬರೆಸಿ.

ಹಾಯಿಸ್ಟ್, ಕ್ರೇನ್, ಗೂಡ್ಸ್ ಲಿಫ್ಟ್, ಇಳಿಜಾರಿನ ಕನ್ವೇಯರ್‌ಗಳ ವಿಷಯ ಬೇರೆ. ತೂಗಾಡುವ ಭಾರವನ್ನು ಎಲೆಕ್ಟ್ರಾನಿಕ್ ಬ್ರೇಕಿಗೆ ಒಪ್ಪಿಸಲೇಬಾರದು. ಅಲ್ಲಿ ಸ್ಪ್ರಿಂಗ್ ಬಲದಿಂದ ಹಿಡಿಯುವ, ಕರೆಂಟ್ ಕೊಟ್ಟಾಗ ಮಾತ್ರ ಬಿಡುವ ಮೆಕ್ಯಾನಿಕಲ್ ಬ್ರೇಕ್ ಕಡ್ಡಾಯ. ಡ್ರೈವ್ ವೇಗ ಇಳಿಸಲಿ, ಸ್ಪ್ರಿಂಗ್ ಬ್ರೇಕ್ ಹಿಡಿದುಕೊಳ್ಳಲಿ. ಹೀಗೆ ಹಂಚಿಕೊಂಡರೆ ಲೈನರ್ ಸವೆತವೂ ಕಡಿಮೆ.

ಬ್ರೇಕ್ ಕೂರಿಸಿದ ದಿನ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಸಮಯವನ್ನು ಪ್ಯಾನಲ್ ಬಾಗಿಲಿನ ಒಳಗಡೆ ಬರೆದಿಡಿ. ತಿಂಗಳಿಗೊಮ್ಮೆ ಮಾಮೂಲಿ ಸ್ಟಾಪ್ ಮತ್ತು ಎಮರ್ಜೆನ್ಸಿ ಸ್ಟಾಪ್ ಎರಡನ್ನೂ ಒತ್ತಿ ಅಳೆಯಿರಿ. ಸಮಯ ಹೆಚ್ಚಾಗಿದ್ದರೆ ಅಥವಾ ಓವರ್ ವೋಲ್ಟೇಜ್ ಟ್ರಿಪ್ ಶುರುವಾಗಿದ್ದರೆ, ಮೇನ್ ಆಫ್ ಮಾಡಿ ಕಾದು, ರೆಸಿಸ್ಟರ್‌ನ ಒಂದು ವೈರ್ ಬಿಚ್ಚಿ ಓಮ್ ಅಳೆಯಿರಿ. 100 ಓಮ್ ಬರಬೇಕಾದಲ್ಲಿ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಮೋಟರ್ ಓಡಿಸದೇ ಇದ್ದಾಗಲೂ ರೆಸಿಸ್ಟರ್ ಹತ್ತಿರ ಬಿಸಿ ಹೊಡೆಯುತ್ತಿದ್ದರೆ ಚಾಪರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ಮೇನ್ ಇಳಿಸಿ, ಥರ್ಮಲ್ ಸ್ವಿಚ್ ಯಾಕೆ ಕಾಂಟ್ಯಾಕ್ಟರ್ ಬಿಡಿಸಲಿಲ್ಲ ಎಂಬುದನ್ನು ಪತ್ತೆಹಚ್ಚಿ. ಅದಾಗುವ ತನಕ ಯಂತ್ರ ಓಡಿಸಬೇಡಿ.